ಮಂಜ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಬೇಡ

ಪ್ರೀತಿಯ ಮಂಜ,

ಭಾನುವಾರ ಮೀನಿನ ಟ್ಯಾಂಕಿನ ಫಿಲ್ಟರ್ ತೊಳೆಯುತ್ತೇನೆ ಅಂದೆಯಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಮರೆತುಬಿಡುತ್ತೀಯ. ನಮ್ಮ ಹಾಗೆ ಸಣ್ಣ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡ.

ಹೋದ ವರ್ಷ ಯುಗಾದಿಗೆ ಅಮ್ಮ ಮನೆ ತೊಳೆಯುತ್ತಿದ್ದಳು, ನನಗೂ ಹುರುಪು ಬಂತು. ನನ್ನದು 60 ಲೀಟರಿನ ಟ್ಯಾಂಕು, ಹಿಂದೆ ನೇತುಹಾಕುವ ಫಿಲ್ಟರು. ಸ್ಪಂಜು, ಸೆರಾಮಿಕ್ ಉಂಗುರ ಎಲ್ಲವನ್ನೂ ಬಚ್ಚಲಿಗೆ ತಂದು, ನಲ್ಲಿ ಬಿಟ್ಟು, ಬ್ರಷ್ ಹಾಕಿ ಉಜ್ಜಿದೆ. ಹೊಸದರ ಹಾಗೆ ಬೆಳ್ಳಗಾದವು. ಅಷ್ಟಕ್ಕೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಅದೇ ದಿನ ಮರಳು ಕೆದಕಿದೆ, ಕಲ್ಲುಗಳನ್ನೂ ಅದೇ ನಲ್ಲಿ ಕೆಳಗೆ ಉಜ್ಜಿದೆ, ಅರ್ಧ ನೀರು ಬದಲಾಯಿಸಿದೆ. ಮೂರನೇ ದಿನ ಬೆಳಗ್ಗೆ ಎರಡು ಕ್ಲೌನ್ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಟೆಸ್ಟ್ ಕಿಟ್‌ನಲ್ಲಿ ಹಳದಿಯಾಗಿ ಉಳಿಯಬೇಕಾದ ನೀರು ಹಸಿರಿಗೆ ತಿರುಗಿತು. ಅಮೋನಿಯ. ಒಂದು ಉಳಿಯಿತು, ಒಂದು ಹೋಯಿತು.

ಆ ಉಂಗುರಗಳ ಮೇಲೆ ಕಂದುಬಣ್ಣಕ್ಕೆ ಜಾರು ಜಾರಾಗಿ ಇರುತ್ತದಲ್ಲ, ಅದರಲ್ಲೇ ಇರುವುದು ಬ್ಯಾಕ್ಟೀರಿಯ. ಮೀನಿನ ಗಲೀಜಿನಿಂದ ಬರುವ ಅಮೋನಿಯವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೊಂದು ವಿಷವಲ್ಲದ ನೈಟ್ರೇಟ್ ಮಾಡುವುದು ಅವೇ. ನಿಮ್ಮಮ್ಮ ಮೊಸರು ಖಾಲಿಯಾದಾಗ ಪಾತ್ರೆ ಪೂರ್ತಿ ಬಳಿದು ತೊಳೆಯುತ್ತಾರಾ? ಒಂದು ಚಮಚ ಹೆಪ್ಪಿಗೆ ಉಳಿಸುತ್ತಾರೆ. ನಾನು ಹೆಪ್ಪನ್ನೇ ತೊಳೆದುಬಿಟ್ಟಿದ್ದೆ. ಸಮುದ್ರದ ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ, 8.2ರ ಹತ್ತಿರ ಇರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯ ಜಾಸ್ತಿ ವಿಷ. ಹಾಗಾಗಿ ಸಿಹಿನೀರಿನ ಗೋಲ್ಡ್ ಫಿಶ್ ಟ್ಯಾಂಕಿನಲ್ಲಿ ನಡೆದುಹೋಗುವ ತಪ್ಪು ಇಲ್ಲಿ ನಡೆಯುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಮೊದಲು ಹೀಟರ್ ಆಫ್, ಆಮೇಲೆ ಫಿಲ್ಟರ್ ಆಫ್. ನೀರು ಇಳಿದಾಗ ಬಿಸಿ ಹೀಟರ್ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ಟ್ಯಾಂಕಿನಿಂದಲೇ 6 ಲೀಟರ್ ನೀರನ್ನು ಬಕೆಟಿಗೆ ತೆಗೆದು ಅದರಲ್ಲೇ ಸ್ಪಂಜು ಹಿಂಡುತ್ತೇನೆ. ಎರಡು ಹಿಂಡಿಗೆ ಬಕೆಟ್ ನೀರು ರಾಗಿ ಅಂಬಲಿ ಬಣ್ಣಕ್ಕೆ ಬರುತ್ತದೆ. ಅಷ್ಟು ಸಾಕು, ಬೆಳ್ಳಗಾಗುವ ತನಕ ಹಿಂಡಬೇಡ. ಉಂಗುರಗಳನ್ನು ಆ ದಿನ ಮುಟ್ಟುವುದೇ ಇಲ್ಲ. ಅವುಗಳ ಸರದಿ ಮೂರು ನಾಲ್ಕು ವಾರ ಬಿಟ್ಟು, ಅದೂ ಅರ್ಧ ಮಾತ್ರ, ಸುಮ್ನೆ ನೀರಲ್ಲಿ ಆಡಿಸಿ ವಾಪಸ್. ಮರಳಿಗೆ ಬೇರೆ ದಿನ. ಸ್ಪಂಜು ತೊಳೆಯದೇ ಬಿಟ್ಟರೂ ಕಷ್ಟವೇ, ಸಿಕ್ಕಿಕೊಂಡ ಗಲೀಜು ಅಲ್ಲೇ ಕೊಳೆತು ನೈಟ್ರೇಟ್ ಏರುತ್ತದೆ.

ಮಧ್ಯದಲ್ಲಿ ಕರೆಂಟ್ ಹೋದರೆ? ಹೋಗೇ ಹೋಗುತ್ತೆ. ಹೊತ್ತು ಜಾಸ್ತಿಯಾದರೆ ಫಿಲ್ಟರಿನೊಳಗೆ ನಿಂತ ನೀರನ್ನು ಚೆಲ್ಲಿ ಆಮೇಲೆ ಆನ್ ಮಾಡು. ಗಾಳಿ ಸಿಗದೆ ಅಲ್ಲಿ ಬ್ಯಾಕ್ಟೀರಿಯ ಸಾಯುತ್ತವೆ, ಆ ನೀರು ಮೀನಿಗೆ ಹೋಗಬಾರದು. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೋ.

ಇನ್ನು ಉಪ್ಪಿನ ಲೆಕ್ಕ. ನಾನು ಜಾಸ್ತಿ ಎಡವಿದ್ದು ಇಲ್ಲೇ. ನಮ್ಮ ಕೋಲಾರದ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. 60ರಲ್ಲಿ 3 ಲೀಟರ್ ಹೋದರೂ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 37ರ ಹತ್ತಿರ ಬರುತ್ತದೆ. ಟ್ಯಾಂಕ್ ತುಂಬಿದ್ದಾಗ ನೀರು ಎಲ್ಲಿಯವರೆಗೆ ಇರುತ್ತದೋ ಅಲ್ಲಿ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಡು. ಬಕೆಟಿಗೆ ನೀರು ತೆಗೆಯುವ ಮುಂಚೆ ಆ ಗೆರೆಯವರೆಗೆ ಸಪ್ಪೆ ನೀರು ತುಂಬು, ಉಪ್ಪಿನ ನೀರಲ್ಲ. ಸಪ್ಪೆ ನೀರು ಅಂದರೆ ಕ್ಯಾನಿನ ಫಿಲ್ಟರ್ ನೀರು, ಅದನ್ನೂ ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿಯೇ ತಗೋ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ಅದನ್ನೇ ಉಪ್ಪುನೀರು ಅಂತೀವಿ, ನಮ್ಮತ್ತೆ ‘ಅದನ್ನೇ ಹಾಕೋ, ಯಾಕೆ ಉಪ್ಪಿಗೆ ದುಡ್ಡು ಸುರೀತೀಯ’ ಅಂತ ಇವತ್ತಿಗೂ ಬೈಯುತ್ತಾರೆ.

ಬಕೆಟಿಗೆ ತೆಗೆದ ನೀರಿನ ಬದಲು ಹಾಕುವ ಹೊಸ ಉಪ್ಪಿನ ನೀರನ್ನು ಶನಿವಾರವೇ ಕಲಸಿಡು. ಅದರಲ್ಲಿ ಪಂಪ್ ಹಾಕಿಡು, ಒಂದು ದಿನ ಓಡಲಿ, ಬಿಸಿ ಟ್ಯಾಂಕಿನಷ್ಟೇ ಬರಲಿ, ಉಪ್ಪು ಎಷ್ಟಿದೆ ಅಂತ ನೋಡುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ತೋರಿಸಲಿ. ಆಮೇಲೆ ಲೋಟದಲ್ಲಿ ನಿಧಾನಕ್ಕೆ ಹಾಕು. ಆ ದಿನ ಊಟ ಕಮ್ಮಿ ಹಾಕು, ಮೂರು ದಿನ ಅಮೋನಿಯ ನೋಡು.

ಅಂದಹಾಗೆ ರಿಫ್ರ್ಯಾಕ್ಟೋಮೀಟರ್ ನಿನ್ನ ಹತ್ತಿರವೇ ಇದೆ, ನನ್ನದು. ಸಂಕ್ರಾಂತಿಗೆ ಚಿಕ್ಕಬಳ್ಳಾಪುರಕ್ಕೆ ಒಯ್ದವನು ಇನ್ನೂ ತಂದಿಲ್ಲ. ಕೆಲಸ ಮುಗಿದ ಮೇಲೆ ಗಾಜು ಒರೆಸಿ ವಾಪಸ್ ತಾ, ನಂದೂ ಮುಂದಿನ ವಾರ ತೊಳೆಯುವುದಿದೆ.

ನಿನ್ನ,
ಕೋಲಾರದವನು