ಗೆದ್ದ ದಿನದ ಸಂಚಿಕೆ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಯುದ್ಧಕಾಲದ ಹಳೆ ಪತ್ರಿಕೆಗಳನ್ನು ಕೂಡಿಡುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ದೊಡ್ಡ ಗೆಲುವಿನ ಸುದ್ದಿ ಇರುವ ಸಂಚಿಕೆ ಸಿಕ್ಕರೆ ಸಾಕು, ಆ ಪುಟ ಕತ್ತರಿಸಿ ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಬಹುದು ಎಂಬ ಸಲಹೆ ಓದಿ ಸಂಕಟವಾಯಿತು. ಬಹಳ ವರ್ಷಗಳಿಂದ ಇದೇ ಹವ್ಯಾಸದಲ್ಲಿರುವವನು ನಾನು. ಸುಮ್ನೆ ಇರಲು ಮನಸ್ಸಾಗಲಿಲ್ಲ.

ನನ್ನ ಹತ್ತಿರ 1916ರ ಜೂನ್ ಮೊದಲ ವಾರದ ಲಂಡನ್ ಪತ್ರಿಕೆಗಳ ಒಂದು ಕಟ್ಟು ಇದೆ. ಮೊದಲ ಮಹಾಯುದ್ಧದ ಕಾಲ. ಮೇ 31ರಂದು ಡೆನ್ಮಾರ್ಕಿನ ಜಟ್‌ಲ್ಯಾಂಡ್ ಬಳಿಯ ಸಮುದ್ರದಲ್ಲಿ ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳು ಎದುರಾಗಿದ್ದವು. ಜೂನ್ 3ರ ಸಂಚಿಕೆ ತೆರೆದರೆ ಮುಳುಗಿದ ಬ್ರಿಟಿಷ್ ಹಡಗುಗಳ ಪಟ್ಟಿಯೇ ಕಣ್ಣಿಗೆ ಬೀಳುತ್ತದೆ. ಕ್ವೀನ್ ಮೇರಿ, ಇನ್‌ಡಿಫ್ಯಾಟಿಗಬಲ್, ಇನ್‌ವಿನ್ಸಿಬಲ್. ಹಿಂದಿನ ಸಂಜೆ ಬ್ರಿಟನ್‌ನ ನೌಕಾ ಇಲಾಖೆ ಕೊಟ್ಟ ಪ್ರಕಟಣೆಯೇ ಹಾಗಿತ್ತು. ಓದಿದ ಜನರಿಗೆ ನಾವು ಸೋತೆವು ಅಂತಲೇ ಅನ್ನಿಸಿತು. ಮುಂದಿನ ದಿನಗಳಲ್ಲಿ ದನಿ ಬದಲಾಗುತ್ತದೆ. ಜರ್ಮನರಿಗೂ ಜೋರು ಪೆಟ್ಟು ಬಿದ್ದಿದೆ ಎಂಬ ಸುದ್ದಿ ಶುರುವಾಗುತ್ತದೆ. ಅತ್ತ ಜರ್ಮನಿ ತನ್ನ ಲುಟ್ಸೋ ಹಡಗು ಮುಳುಗಿದ್ದನ್ನು ಕೆಲವು ದಿನ ಬಚ್ಚಿಟ್ಟಿತ್ತು. ಇದೆಲ್ಲ ಇತ್ಯರ್ಥವಾಗುವ ಮೊದಲೇ ಜೂನ್ 7ರ ಪತ್ರಿಕೆ ಬರುತ್ತದೆ. ಹ್ಯಾಂಪ್‌ಶೈರ್ ಹಡಗು ಮುಳುಗಿ ಬ್ರಿಟನ್‌ನ ಯುದ್ಧಮಂತ್ರಿ ಕಿಚನರ್ ತೀರಿಕೊಂಡ ಸುದ್ದಿ ಅದರ ತುಂಬ.

ಆ ಜೂನ್ 3ರ ಪಟ್ಟಿಯಲ್ಲಿ ಕ್ವೀನ್ ಮೇರಿ ಹೆಸರಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಹಾಳೆಯ ಹಿಂಬದಿಯಲ್ಲೂ ಬೆರಳಿಗೆ ತಾಗುವಷ್ಟು ಒತ್ತಿ ಎಳೆದ ಗೆರೆ. ಆ ಹಡಗಿನಲ್ಲಿ 1,266 ಮಂದಿ ಸತ್ತರು. ಗೆರೆ ಎಳೆದವರಿಗೆ ಅವರಲ್ಲಿ ಯಾರು ಏನಾಗಬೇಕಿತ್ತೋ! ಬ್ರಿಟನ್ 14 ಹಡಗು ಕಳೆದುಕೊಂಡಿತು, ಜರ್ಮನಿ 11 ಎಂದು ಇತಿಹಾಸದ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಆ ವಾರ ಜನ ಏನನ್ನು ನಂಬಿದ್ದರು, ಯಾವಾಗ ಮನಸ್ಸು ಬದಲಾಯಿಸಿದರು ಎನ್ನುವುದು ಕಾಣುವುದು ಇಂಥ ಕಟ್ಟಿನಲ್ಲಿ. ಒಂದೇ ಒಂದು ಸಂಚಿಕೆ ಇಟ್ಟುಕೊಂಡರೆ ಅರ್ಧ ಕಥೆಯೂ ಸಿಗದು.

ಲೇಖನದಲ್ಲಿ ಹೇಳಿದ ಟ್ರಫಾಲ್ಗರ್ ಸಂಚಿಕೆಯ ವಿಷಯಕ್ಕೆ ಬರುತ್ತೇನೆ. ಸ್ಪೇನ್ ಕರಾವಳಿಯ ಟ್ರಫಾಲ್ಗರ್ ಬಳಿ ಬ್ರಿಟನ್ ನೌಕಾಪಡೆ ಫ್ರಾನ್ಸ್ ಮತ್ತು ಸ್ಪೇನ್ ಪಡೆಗಳನ್ನು ಸೋಲಿಸಿದ ಆ ಯುದ್ಧ ನಡೆದದ್ದು 1805ರ ಅಕ್ಟೋಬರ್ 21ರಂದು. ಪಿಕಲ್ ಎಂಬ ಪುಟ್ಟ ಹಡಗು ಸುದ್ದಿ ಹೊತ್ತು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಬಂತು. ಅಲ್ಲಿಂದ ಅದರ ನಾಯಕ ಲ್ಯಾಪನೊಟಿಯೆರ್ ದಾರಿಯುದ್ದಕ್ಕೂ 21 ಸಲ ಕುದುರೆ ಬದಲಿಸಿ ಲಂಡನ್ ಮುಟ್ಟಿದಾಗ ನಡುರಾತ್ರಿ ದಾಟಿ ನವೆಂಬರ್ 6 ಶುರುವಾಗಿತ್ತು. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಅದನ್ನು ಅಚ್ಚು ಹಾಕಿದ್ದು 7ರಂದು. ಗೆಲುವು, ಬ್ರಿಟನ್ ನೌಕಾಪಡೆಯ ನಾಯಕ ನೆಲ್ಸನ್ ಸಾವು, ಎರಡೂ ಒಟ್ಟಿಗೇ ಬಂದವು. ಈ ಸಂಚಿಕೆಯ ನಕಲುಗಳು ಆಮೇಲೆ ನೆನಪಿಗೆಂದು ಜಾಸ್ತಿ ಅಚ್ಚಾಗಿವೆ. ಅಟ್ಟದ ಮೇಲೆ ಒಂದು ಪ್ರತಿ ಸಿಕ್ಕರೆ ಅದು ನಕಲು ಇರುವ ಸಾಧ್ಯತೆಯೇ ಹೆಚ್ಚು. ಕಾಗದ ಮುಟ್ಟಿ ನೋಡಬೇಕು. ಆಗಿನ ಕಾಗದ ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ಇನ್ನೂರು ವರ್ಷ ಕಳೆದರೂ ಮೆತ್ತಗೆ ಮಡಚುತ್ತದೆ. ಪತ್ರಿಕೆಗಳಿಗೆ ತೆರಿಗೆ ಇದ್ದ ಕಾಲ ಅದು, ಹಾಗಾಗಿ ಹಾಳೆಯ ಮೇಲೆ ಸರ್ಕಾರದ ಮುದ್ರೆಯೂ ಇರುತ್ತಿತ್ತು. ಮುಖಪುಟದಲ್ಲಿ ಯುದ್ಧದ ಸುದ್ದಿ ಹುಡುಕಬೇಡಿ. 1966ರವರೆಗೂ ಆ ಪತ್ರಿಕೆಯ ಮುಖಪುಟ ಜಾಹೀರಾತುಗಳಿಗೇ ಮೀಸಲಾಗಿತ್ತು. ನನಗಂತೂ ಅಂಥ ಜಾಹೀರಾತುಗಳೂ ಸುದ್ದಿಯಷ್ಟೇ ಇಷ್ಟ. ನೌಕಾಪಡೆಗಳು ಕಾದಾಡುತ್ತಿದ್ದರೂ ಯಾರೋ ಮನೆ ಬಾಡಿಗೆಗಿದೆ ಎಂದು ಜಾಹೀರಾತು ಕೊಟ್ಟಿರುತ್ತಾರೆ, ಅಲ್ವಾ? ಸುದ್ದಿಯನ್ನಷ್ಟೇ ಕತ್ತರಿಸಿದರೆ ಅದೆಲ್ಲ ಹೋಯಿತು.

ಮರದ ತಿರುಳಿನ ಕಾಗದ ಬಂದಮೇಲೆ ಕಥೆಯೇ ಬೇರೆ. ಅದರಲ್ಲಿರುವ ಆಮ್ಲ ಒಳಗಿಂದಲೇ ಕಾಗದವನ್ನು ತಿನ್ನುತ್ತದೆ. ನನ್ನ 1916ರ ಹಾಳೆಗಳ ಅಂಚು ಪುಟ ತಿರುಗಿಸಿದಾಗಲೆಲ್ಲ ಪುಡಿಯಾಗಿ ಉದುರುತ್ತದೆ. ಲ್ಯಾಮಿನೇಟ್ ಮಾಡಿದರೆ ಆ ಆಮ್ಲ ಒಳಗೇ ಉಳಿಯುತ್ತದೆ, ಪ್ಲಾಸ್ಟಿಕ್ ಬಿಡಿಸಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಅಂಟುಟೇಪೂ ಬೇಡ. ಆಮ್ಲರಹಿತ ಕಾಗದದ ಮಡಿಕೆಯಲ್ಲಿ, ಚಪ್ಪಟೆಯಾಗಿ, ಬಿಸಿಲು ಮತ್ತು ತೇವ ತಾಗದ ಕಡೆ ಇಟ್ಟರೆ ಸಾಕು. ಗೋಡೆಗೆ ಹಾಕುವ ಆಸೆಯಿದ್ದರೆ ಸ್ಕ್ಯಾನ್ ಮಾಡಿಸಿ ಅದರ ಪ್ರತಿ ಹಾಕಲಿ.

ನಿಮ್ಮ ಲೇಖನ ಓದಿ ಯಾರಾದರೂ ಈ ವಾರವೇ ಕತ್ತರಿ ಹಿಡಿಯಬಹುದು. ದಯವಿಟ್ಟು ಮುಂದಿನ ಪುರವಣಿಯಲ್ಲಿ ಈ ಸಲಹೆಯನ್ನು ತಿದ್ದಿ ಎರಡು ಸಾಲಾದರೂ ಹಾಕಿ.

ಇಂತಿ,
ಹಳೆ ಪತ್ರಿಕೆಗಳ ಸಂಗ್ರಾಹಕ, ನಿಮ್ಮ ಓದುಗ