ಕೆಮಿಸ್ಟ್ರಿ ಪುಸ್ತಕ ಮುಚ್ಚಿಟ್ಟ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಯಾರು ಏನಂದರು ಅನ್ನುವುದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. "ಗಣಿತ ಓದಿ ಏನು ಮಾಡ್ತೀಯ" ಅಂತ ನಾನು ಅಂದದ್ದು ಮಾತ್ರ ತಪ್ಪು. ದಿನಾ ಗಣಿತ ಪಾಠ ಮಾಡುವ ಬಾಯಲ್ಲಿ ಆ ಮಾತು ಬರಬಾರದಿತ್ತು. ಕ್ಷಮಿಸಿಬಿಡು. ಆದರೆ ನಿನ್ನ ಒಂದು ಮಾತು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. "ಐಎಸ್‌ಐಗೂ ಬೇಡ, ಸಿಎಂಐಗೂ ಬೇಡ, ಇನ್ನು ಕೆಮಿಸ್ಟ್ರಿ ಪುಸ್ತಕ ಮುಟ್ಟಲ್ಲ" ಅಂದೆಯಲ್ಲ, ಅದು. ಗಣಿತ ಓದಲು ನೀನು ಆಸೆಪಟ್ಟಿರುವ ಆ ಎರಡು ಸಂಸ್ಥೆಗೂ ಕೆಮಿಸ್ಟ್ರಿ ಬೇಕಿಲ್ಲ ಅನ್ನುವುದು ನಿನ್ನ ವಾದ. ಈ ಪತ್ರ ಅದಕ್ಕೇ.

ನೀನು ಹೇಳಿದ್ದರಲ್ಲಿ ಅರ್ಧ ಸರಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಐಎಸ್‌ಐ, ಅದರ ಬೆಂಗಳೂರು ಮೈಸೂರು ರಸ್ತೆಯ ಕೇಂದ್ರದಲ್ಲಿ ಗಣಿತದ ಪದವಿ ಬಿ.ಮ್ಯಾಥ್, ಕೋಲ್ಕತ್ತದಲ್ಲಿ ಸಂಖ್ಯಾಶಾಸ್ತ್ರದ ಬಿ.ಸ್ಟ್ಯಾಟ್. ಎರಡಕ್ಕೂ ಅವರು ಕೇಳುವುದು ಹನ್ನೆರಡನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಇರಬೇಕು ಅಂತ. ನಿನಗೆ ಎರಡೂ ಇದೆ. ಚೆನ್ನೈ ಹತ್ತಿರ ಸಿರುಸೇರಿಯ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಸಿಎಂಐ, ಅದರ ಬಿಎಸ್ಸಿ ಆನರ್ಸ್‌ಗೂ ಪರೀಕ್ಷೆ ಪೂರ್ತಿ ಗಣಿತವೇ. ಕೆಮಿಸ್ಟ್ರಿ ಒಂದು ಪ್ರಶ್ನೆಯೂ ಇಲ್ಲ.

ಈಗ ಉಳಿದ ಅರ್ಧ. ಆ ಎರಡು ಕಡೆಯೂ ಸೀಟು ಬಹಳ ಕಡಿಮೆ, ಪರೀಕ್ಷೆ ವರ್ಷಕ್ಕೆ ಒಂದೇ ದಿನ. ಅವತ್ತು ನಿನಗೆ ಜ್ವರ ಬಂದರೆ? ಆಮೇಲೆ ಉಳಿಯುವ ಬಾಗಿಲುಗಳಲ್ಲಿ ದೊಡ್ಡವೆಲ್ಲ ಕೆಮಿಸ್ಟ್ರಿ ದಾಟಿಯೇ ಹೋಗಬೇಕಾದವು. ವಿಜ್ಞಾನ ಓದಿಸುವ ಕೇಂದ್ರದ ಐಸರ್ ಸಂಸ್ಥೆಗಳ ಪ್ರವೇಶ ಪರೀಕ್ಷೆ ಐಎಟಿಯಲ್ಲಿ 60 ಪ್ರಶ್ನೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ, ಒಂದೊಂದಕ್ಕೆ 15. ಸರಿಯಾದರೆ 4, ತಪ್ಪಿದರೆ 1 ಕಡಿತ. ಬಯಾಲಜಿ ನೀನು ಓದಿಲ್ಲ, 240ರಲ್ಲಿ 60 ಆಗಲೇ ಕೈಬಿಟ್ಟ ಹಾಗೆ. ಕೆಮಿಸ್ಟ್ರಿಯನ್ನೂ ಬಿಟ್ಟರೆ ಉಳಿದ 120ರಲ್ಲಿ ಎಲ್ಲರ ಜೊತೆ ಪೈಪೋಟಿ ಮಾಡಬೇಕು. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ರಿಸರ್ಚ್‌ಗೆ ಪಿಯುಸಿಯಲ್ಲಿ ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮುಖ್ಯ ವಿಷಯವಾಗಿರಬೇಕು, ಪ್ರಥಮ ದರ್ಜೆ ಅಥವಾ 60 ಪರ್ಸೆಂಟ್ ಬೇಕು. ಕೆವಿಪಿವೈ ವಿದ್ಯಾರ್ಥಿವೇತನ ಪರೀಕ್ಷೆ ನಿಂತುಹೋದ ಮೇಲೆ ಅಲ್ಲಿಗೆ ಹೋಗುವುದು ಜೆಇಇ ಅಥವಾ ಐಎಟಿ ಅಂಕದ ಮೇಲೆ. ಅದರಲ್ಲೂ ಕೆಮಿಸ್ಟ್ರಿ.

ಹೋದ ವಾರದ ಟೆಸ್ಟಿನಲ್ಲಿ ನಿನಗೆ ಬಂದದ್ದು 70ಕ್ಕೆ 24. ಬೈಯುವುದಕ್ಕೆ ಬರೆಯುತ್ತಿಲ್ಲ, ಲೆಕ್ಕ ಮಾಡುವುದಕ್ಕೆ. ಬೋರ್ಡಿನಲ್ಲೂ ಅಷ್ಟೇ ಬಂತು, ಪ್ರಾಕ್ಟಿಕಲ್‌ನಲ್ಲಿ 30ಕ್ಕೆ 28 ಕೊಟ್ಟರು ಅಂದುಕೋ. ಕೆಮಿಸ್ಟ್ರಿ 52. ಗಣಿತ 96, ಫಿಸಿಕ್ಸ್ 70, ಕಂಪ್ಯೂಟರ್ ಸೈನ್ಸ್ 80, ಇಂಗ್ಲಿಷ್ 74. ಕೂಡಿಸಿದರೆ 372. ಐಐಟಿಗೆ ಐದು ವಿಷಯ ಸೇರಿ ಸಾಮಾನ್ಯ ವರ್ಗಕ್ಕೆ 75 ಪರ್ಸೆಂಟ್ ಬೇಕು, ಅಂದರೆ 375. ಮುಂಬೈ ಐಐಟಿಯ ಬಿಎಸ್ ಮ್ಯಾಥಮ್ಯಾಟಿಕ್ಸ್‌ಗೆ ಬೇಕಾದ ರ‍್ಯಾಂಕ್ ಬಂದಿದ್ದರೂ 3 ಅಂಕಕ್ಕೆ ಸೀಟು ಹೋಗುತ್ತದೆ. ಬೋರ್ಡಿನ ಟಾಪ್ 20 ಪರ್ಸೆಂಟೈಲ್‌ನಲ್ಲಿ, ಅಂದರೆ ಪಾಸಾದವರಲ್ಲಿ ಮೇಲಿನ 20 ಪರ್ಸೆಂಟ್ ಒಳಗೆ ಇದ್ದರೂ ನಡೆಯುತ್ತದೆ, ನಿಜ. ಆದರೆ ಆ ಗಡಿ ಎಷ್ಟಕ್ಕೆ ನಿಲ್ಲುತ್ತದೆ ಅನ್ನುವುದು ಫಲಿತಾಂಶ ಬಂದ ಮೇಲಷ್ಟೇ ತಿಳಿಯುವುದು. ಅದನ್ನು ನಂಬಿ ಕೂರುವುದು ಬೇಡ.

"ಕಡಿಮೆ ಬಂದರೆ ಪರೀಕ್ಷೆ-2 ಬರೀತೀನಿ" ಅಂತೀಯ. ಪಿಯುಸಿ ಬೋರ್ಡಿನ ಆ ಎರಡನೇ ಪರೀಕ್ಷೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಆದರೆ 2025ರಲ್ಲಿ ಪರೀಕ್ಷೆ-2 ಶುರುವಾದದ್ದು ಏಪ್ರಿಲ್ ಕೊನೆಗೆ, ಮುಗಿದದ್ದು ಮೇ ಎರಡನೇ ವಾರಕ್ಕೆ. ಐಎಸ್‌ಐ, ಸಿಎಂಐ ಪರೀಕ್ಷೆ ಬರುವುದೂ ಮೇ ತಿಂಗಳಲ್ಲೇ. ಪ್ರೂಫ್ ಬರೆದು ಕೈ ಪಳಗಿಸಬೇಕಾದ ವಾರದಲ್ಲಿ ನೀನು ಎಲೆಕ್ಟ್ರೋಕೆಮಿಸ್ಟ್ರಿ ಹಿಡಿದು ಕೂತಿರುತ್ತೀಯ. ಗಣಿತಕ್ಕೆ ಸಮಯ ಬೇಕು ಅಂತ ಈಗ ಕೆಮಿಸ್ಟ್ರಿ ಬಿಟ್ಟರೆ, ಆಗ ಕೆಮಿಸ್ಟ್ರಿಗಾಗಿ ಗಣಿತ ಬಿಡಬೇಕಾಗುತ್ತದೆ. ಈಗ ದಿನಕ್ಕೆ 50 ನಿಮಿಷ ಸಾಕು. ಇನಾರ್ಗ್ಯಾನಿಕ್‌ಗೆ ಎನ್‌ಸಿಇಆರ್‌ಟಿ ಪುಸ್ತಕ ಸಾಲು ಸಾಲಾಗಿ ಓದು. ಫಿಸಿಕಲ್ ಕೆಮಿಸ್ಟ್ರಿ ನಿನಗೆ ಹೇಗೂ ಲೆಕ್ಕ.

ಪಾಠ ಶುರುಮಾಡಿಬಿಟ್ಟೆ. ಇರಲಿ, ಇಲ್ಲಿವರೆಗೆ ಓದಿದ್ದೀಯಲ್ಲ, ಇನ್ನೂ ಸ್ವಲ್ಪ ಓದು.

ನೀನು ದಸರಾ ರಜೆಯಲ್ಲಿ ಬಿಟ್ಟುಹೋದ ನೋಟ್‌ಬುಕ್ ತೆಗೆದು ನೋಡಿದೆ. n² + n + 1 ಯಾವತ್ತೂ 5ರಿಂದ ಭಾಗವಾಗುವುದಿಲ್ಲ ಅಂತ ತೋರಿಸಬೇಕಾದ ಕಡೆ 1ರಿಂದ 20ರವರೆಗೆ ಹಾಕಿ, ಕೆಳಗೆ "ಆದ್ದರಿಂದ ಸಾಧಿತ" ಅಂತ ಬರೆದಿದ್ದೀಯ. ಐಎಸ್‌ಐನ ಮಧ್ಯಾಹ್ನದ ಪತ್ರಿಕೆ, ಯುಜಿಬಿ, ಅದರಲ್ಲಿ ಇದಕ್ಕೆ ಅಂಕ ಹುಟ್ಟುವುದಿಲ್ಲ. ಎರಡು ಗಂಟೆ, ಎಂಟು ಪ್ರಶ್ನೆ, ಅವರು ನೋಡುವುದು ವಾದವನ್ನು. n ಅನ್ನು 5ರಿಂದ ಭಾಗಿಸಿದರೆ ಶೇಷ 0, 1, 2, 3, 4 ಇಷ್ಟರಲ್ಲೇ ಒಂದು. ಐದಕ್ಕೂ ಹಾಕು: 1, 3, 2, 3, 1 ಶೇಷ ಬರುತ್ತದೆ. ಸೊನ್ನೆ ಎಲ್ಲೂ ಇಲ್ಲ. ಮೂರು ಸಾಲು, ಇಡೀ ಪೂರ್ಣಾಂಕಗಳಿಗೆ ಮುಗಿಯಿತು.

ಇಷ್ಟು ಬರೆದು ಪುಟ ತಿರುಗಿಸಿದರೆ ಮುಂದಿನ ಪುಟದಲ್ಲಿ n² + n + 41. ಸೊನ್ನೆಯಿಂದ 39ರವರೆಗೆ ನಲವತ್ತು ಸಲವೂ ಅವಿಭಾಜ್ಯ ಸಂಖ್ಯೆ, 40 ಹಾಕಿದಾಗ 1681, ಅದು 41ರ ವರ್ಗ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಅಯ್ಯೋ" ಅಂತ ಬರೆದಿದ್ದೀಯ. 40 ಹಾಕಿ ನೋಡು ಅಂತ ನಾನು ಹೇಳಿರಲಿಲ್ಲ. ಆ "ಅಯ್ಯೋ" ನೋಡಿ ನಾನು ಅಡುಗೆಮನೆಯಲ್ಲಿ ನಿಂತೇ ನಿಮ್ಮ ಅಪ್ಪನನ್ನು ಕರೆದು ತೋರಿಸಿದೆ. ಇಂಥ ಹುಡುಗಿಗೆ ಇಂಜಿನಿಯರಿಂಗೇ ಆಗಬೇಕು ಅಂತ ಇನ್ನು ನಾವು ಹೇಳುವುದಿಲ್ಲ.

ಐಎಸ್‌ಐನ ಬೆಳಗಿನ ಪತ್ರಿಕೆ ಯುಜಿಎ, 30 ಪ್ರಶ್ನೆ. ಸರಿಯಾದರೆ 4, ತಪ್ಪಿದರೆ 0, ಮುಟ್ಟದೆ ಬಿಟ್ಟರೆ 1. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಗುರುತು ಮಾಡಿದರೆ ಸರಾಸರಿ ಸಿಗುವುದೂ 1, ಬಿಟ್ಟರೂ 1. ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೆ ಮಾತ್ರ ಗುರುತು ಮಾಡು, ಆಗ ಸರಾಸರಿ ಒಂದೂ ಮೂರನೇ ಒಂದು. ಇದರಲ್ಲಿ ಕಟಾಫ್ ದಾಟದಿದ್ದರೆ ಯುಜಿಬಿ ಎಷ್ಟು ಚೆನ್ನಾಗಿ ಬರೆದರೂ ತಿದ್ದುವುದಿಲ್ಲ. ಸಿಎಂಐನಲ್ಲೂ ಹಾಗೆಯೇ, ಎ ಭಾಗ ದಾಟಿದರಷ್ಟೇ ಬಿ ಭಾಗ.

ಅರ್ಜಿಗಳ ವಿಷಯದಲ್ಲಿ ಮಕ್ಕಳು ಎಡವುವುದು ಒಂದೆರಡು ಕಡೆ. ಐಐಟಿ ಸೀಟು ಹಂಚುವ ಜೋಸಾ ಪಟ್ಟಿಯಲ್ಲಿ ಐಐಎಸ್‌ಸಿ ಇರುವುದಿಲ್ಲ. ಬಿಎಸ್‌ಗಾಗಲಿ, 2022ರಲ್ಲಿ ಶುರುವಾದ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಿಟೆಕ್‌ಗಾಗಲಿ ಅವರದೇ ಪೋರ್ಟಲ್‌ನಲ್ಲಿ ಬೇರೆ ಅರ್ಜಿ ಹಾಕಬೇಕು. ಜೆಇಇ ಅಡ್ವಾನ್ಸ್ಡ್ ಬರೆಯಲು ಸತತ ಎರಡು ವರ್ಷ, ಎರಡೇ ಅವಕಾಶ. ಐಎಟಿಗೂ ಆ ವರ್ಷ ಅಥವಾ ಹಿಂದಿನ ವರ್ಷ ಪಿಯುಸಿ ಮುಗಿಸಿದವರಿಗಷ್ಟೇ. ನಿನ್ನ ರೂಮಿನ ಹುಡುಗಿ ಒಬಿಸಿ ಕೋಟಾದಲ್ಲಿ ಹಾಕುತ್ತಾಳೆ ಅಂದಿದ್ದೆಯಲ್ಲ, ಅವಳಿಗೆ ಹೇಳು: ಸಿಇಟಿಗೆ ಕೊಡುವ ರಾಜ್ಯದ 2ಎ, 3ಬಿ ಜಾತಿ ಪ್ರಮಾಣಪತ್ರ ಈ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪಡೆಯಬೇಕು, ಜೆಇಇಗೆ ಆ ವರ್ಷದ ಏಪ್ರಿಲ್ 1ರ ನಂತರದ್ದಾಗಿರಬೇಕು. ಮನೆಯಲ್ಲಿ ಐದು ವರ್ಷ ನಡೆಯುವ ಪ್ರಮಾಣಪತ್ರ ಇದೆ ಅಂತ ಸುಮ್ಮನಿದ್ದವರು ಕೌನ್ಸೆಲಿಂಗ್ ಹೊತ್ತಿಗೆ ಓಡಾಡುತ್ತಾರೆ.

ಇದ್ಯಾವುದೂ ಆಗದಿದ್ದರೆ ಅಂತಲೂ ಯೋಚಿಸಿದ್ದೇನೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮೂರು ವರ್ಷದ ಬಿಎಸ್ಸಿ ಮಾಡು, ಕೊನೆಯ ವರ್ಷದ ಫೆಬ್ರವರಿಯಲ್ಲಿ ಐಐಟಿ ಜ್ಯಾಮ್ ಬರೆ. ಗಣಿತದ ಪತ್ರಿಕೆ ಮೂರು ಗಂಟೆ, 60 ಪ್ರಶ್ನೆ, 100 ಅಂಕ, ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಗ್ರೂಪ್ ಥಿಯರಿ ಗಟ್ಟಿ ಇರಬೇಕು. ಐಐಟಿಯ ಎಂಎಸ್ಸಿಗೆ ಅದು ಒಳ್ಳೆಯ ದಾರಿ. ಅದನ್ನು ಸೋಲು ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಹೆದರಿಕೆ ಇರುವುದು ಬೇರೆ: ನಿನಗೆ ತೆರೆದಿದ್ದ ಬಾಗಿಲು 3 ಅಂಕಕ್ಕೆ ಮುಚ್ಚಬಾರದು. ಮತ್ತೆ ಕೆಮಿಸ್ಟ್ರಿಗೇ ಬಂದೆ ನೋಡು.

ಶನಿವಾರ ಅಪ್ಪ ಬರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂರು ಜೆರಾಕ್ಸ್ ಕೊಟ್ಟು ಕಳಿಸುತ್ತೇನೆ, ಒರಿಜಿನಲ್ ಮನೆಯಲ್ಲೇ ಇರಲಿ. ಅದರಲ್ಲಿ ನಿನ್ನ ಇನಿಷಿಯಲ್ ಹೆಸರಿನ ಕೊನೆಗಿದೆ, ಆಧಾರ್‌ನಲ್ಲಿ ಮೊದಲಿಗಿದೆ. ಫಾರ್ಮ್ ತುಂಬುವ ಮೊದಲು ಆಧಾರ್ ಸರಿ ಮಾಡಿಸಬೇಕು, ಅವತ್ತೇ ಹೋಗಿ ಬನ್ನಿ. ನೋಟ್‌ಬುಕ್ಕನ್ನೂ ಕಳಿಸುತ್ತಿದ್ದೇನೆ. n² + n + 1ರ ಪುಟದಲ್ಲಿ ಕೆಂಪು ಪೆನ್ನು ಹಾಕಿಲ್ಲ, ಅದನ್ನು ನೀನೇ ಮತ್ತೆ ಬರೆ. ಟೆಸ್ಟಿನ ಕೆಮಿಸ್ಟ್ರಿ ಪೇಪರ್ ಅಪ್ಪನ ಕೈಲಿ ಕೊಟ್ಟು ಕಳಿಸು, ಆ 24 ಎಲ್ಲೆಲ್ಲಿ ಬಂದಿದೆ ನೋಡಬೇಕು.

ಇಂತಿ,
ಅಮ್ಮ