ಬಿಷಪ್‌ಗಳನ್ನು ಬೈದವರ ಬಗ್ಗೆ ಬರೆದು ಮುಗಿಸಿದೆ, ಎಲ್ಲರಿಗೂ ಥ್ಯಾಂಕ್ಸ್

ಕಳೆದ ವಾರ ವೈವಾ ಮುಗಿಯಿತು. 17ನೇ ಶತಮಾನದ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಜನ ಬಿಷಪ್‌ಗಳ ಮೇಲೆ ಯಾಕೆ ಅಷ್ಟೊಂದು ಸಿಟ್ಟಾದರು ಅನ್ನೋದು ನನ್ನ ಪಿಎಚ್‌ಡಿ ವಿಷಯ. "ಅದನ್ನು ಕಟ್ಟಿಕೊಂಡು ನಮಗೇನು?" ಅಂತ ಕೇಳಿ, ಆಮೇಲೂ ಕೂತು ಕೇಳಿಸಿಕೊಂಡ ನೆಂಟರಿಷ್ಟರಿಗೆ ಮೊದಲ ಥ್ಯಾಂಕ್ಸ್.

ಗೈಡ್ ಮೇಡಂಗೆ ದೊಡ್ಡ ನಮಸ್ಕಾರ. "ಸಿಟ್ಟು ದೇವರ ಮೇಲೋ, ಬಿಷಪ್ ಮೇಲೋ, ಅದನ್ನು ಮೊದಲು ಬಿಡಿಸಿ ಬರಿ" ಅಂದಿದ್ದರು. ಇಡೀ ಪ್ರಬಂಧ ನಿಂತಿರುವುದು ಆ ಮಾತಿನ ಮೇಲೆ. ಉದಾಹರಣೆಗೆ, 1637ರ ಜುಲೈ 23, ಭಾನುವಾರ. ಸ್ಕಾಟ್ಲೆಂಡ್‌ನ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ, ಬಿಷಪ್‌ಗಳು ಸಿದ್ಧಪಡಿಸಿ ರಾಜ ಚಾರ್ಲ್ಸ್ ಹೇರಿದ ಹೊಸ ಪ್ರಾರ್ಥನಾ ಪುಸ್ತಕವನ್ನು ಡೀನ್ (ಆ ಚರ್ಚಿನ ಮುಖ್ಯ ಪಾದ್ರಿ) ಓದಲು ಶುರು ಮಾಡಿದ್ದೇ ತಡ, ಹೆಂಗಸರು ಗಲಾಟೆ ಎಬ್ಬಿಸಿದರು. ಕೂತಿದ್ದ ಸ್ಟೂಲುಗಳೇ ಹಾರಿದವು. ಸಮಾಧಾನ ಮಾಡಲು ಬಂದ ಬಿಷಪ್ಪರ ಮಾತನ್ನೂ ಯಾರೂ ಕೇಳಲಿಲ್ಲ. ಮೊದಲ ಸ್ಟೂಲು ಎಸೆದವಳು ಜೆನ್ನಿ ಗೆಡ್ಡಿಸ್ ಅಂತ ಕಥೆ ಇದೆ, ಆಧಾರ ಮಾತ್ರ ಕಡಿಮೆ. ಎಸೆದವರು ಯಾರೂ ನಾಸ್ತಿಕರಲ್ಲ. ಭಕ್ತಿ ಜಾಸ್ತಿ ಇದ್ದವರೇ ಎಸೆದದ್ದು! ಮರುವರ್ಷ ಗ್ಲಾಸ್ಗೋದಲ್ಲಿ ಸೇರಿದ ಚರ್ಚಿನ ಮಹಾಸಭೆ ಬಿಷಪ್ ಪದವಿಯನ್ನೇ ತೆಗೆದುಹಾಕಿತು.

ವಕೀಲ ಗೆಳೆಯನೊಬ್ಬ ರಾತ್ರಿಯೆಲ್ಲ ಕೂತು ಆ ಕಾಲದ ಕಾನೂನು ಬಿಡಿಸಿ ಹೇಳಿದ. ಬಿಷಪ್ ಅಂದರೆ ಬರೀ ಪೂಜೆ ನಡೆಸುವವರಲ್ಲ ಅಂತ ಆಗಲೇ ತಲೆಗೆ ಹೋದದ್ದು. ಅವರಿಗೆ ಸ್ವಂತ ನ್ಯಾಯಾಲಯ ಇತ್ತು, ಸಂಸತ್ತಿನ ಮೇಲ್ಮನೆಯಲ್ಲಿ ಕುರ್ಚಿ ಇತ್ತು, ಪುಸ್ತಕ ಅಚ್ಚಾಗಬೇಕೋ ಬೇಡವೋ ಅನ್ನುವ ಅಧಿಕಾರವೂ ಇತ್ತು. ನಾಟಕಗಳನ್ನು ಬೈದು ಪುಸ್ತಕ ಬರೆದದ್ದಕ್ಕೆ ವಿಲಿಯಂ ಪ್ರಿನ್ ಎಂಬವನ ಕಿವಿಯನ್ನು 1634ರಲ್ಲೇ ಕತ್ತರಿಸಿದ್ದರು. 1637ರಲ್ಲಿ ಬಿಷಪ್‌ಗಳನ್ನು ಟೀಕಿಸಿ ಬರೆದದ್ದಕ್ಕೆ ಉಳಿದ ತುಂಡನ್ನೂ ಕತ್ತರಿಸಿ, ಎರಡು ಕೆನ್ನೆಗೂ ಕಾದ ಕಬ್ಬಿಣದಿಂದ S, L (ದೇಶದ್ರೋಹದ ನಿಂದಕ ಅಂತ ಅರ್ಥ) ಅಕ್ಷರ ಬರೆ ಹಾಕಿದರು. ಪ್ರಿನ್ ಅದನ್ನೇ, ಇಂಗ್ಲೆಂಡ್ ಚರ್ಚಿನ ಹಿರಿಯ ಬಿಷಪ್ ಆಗಿದ್ದ ಆರ್ಚ್‌ಬಿಷಪ್ ಲಾಡ್‌ನ ಗುರುತು ಅಂತ ಗೇಲಿ ಮಾಡಿದ. ಎಂಥಾ ಗಟ್ಟಿ ಜೀವ ಅಲ್ವಾ? 1640ರ ಡಿಸೆಂಬರ್‌ನಲ್ಲಿ ಸುಮಾರು 15,000 ಲಂಡನ್ ಜನ ಬಿಷಪ್ ವ್ಯವಸ್ಥೆಯನ್ನು ಬುಡಸಮೇತ ಕಿತ್ತುಹಾಕಿ ಅಂತ ಸಂಸತ್ತಿಗೆ ಮನವಿ ಕೊಟ್ಟರು. 1646ರಲ್ಲಿ ಸಂಸತ್ತು ಕಿತ್ತೂ ಹಾಕಿತು.

ಕರಡು ಓದಿಕೊಟ್ಟ ಮಂಗಳೂರಿನ ಪಾದ್ರಿಯೊಬ್ಬರ ಋಣ ದೊಡ್ಡದು. ಅವರ ಸಭೆಗೂ ಬಿಷಪ್ ಇದ್ದಾರೆ. ಬೇಜಾರಾಗುತ್ತಾರೇನೋ ಅಂದುಕೊಂಡಿದ್ದೆ. ಅವರು ಅಂಚಿನಲ್ಲಿ ಪೆನ್ಸಿಲ್‌ನಿಂದ "ಲಾಡ್‌ ಬರೀ ಖಳನಾಯಕನಾ?" ಅಂತಷ್ಟೇ ಬರೆದಿದ್ದರು. ಹಾಗಾಗಿ ಬಟ್ಟೆ ವ್ಯಾಪಾರಿಯ ಮಗ ಲಾಡ್, ಆಕ್ಸ್‌ಫರ್ಡ್‌ನಲ್ಲಿ ಅರಬ್ಬಿ ಪೀಠ ಸ್ಥಾಪಿಸಿ ರಾಶಿ ಹಸ್ತಪ್ರತಿ ಕೊಟ್ಟ ಲಾಡ್, 1645ರ ಜನವರಿಯಲ್ಲಿ 71ನೇ ವಯಸ್ಸಿನಲ್ಲಿ ಸಂಸತ್ತಿನ ಆದೇಶದಂತೆ ತಲೆ ಕಡಿಸಿಕೊಂಡ ಲಾಡ್ ಕೂಡ ಒಳಗೆ ಬಂದ. ಆ ಅಧ್ಯಾಯವೇ ನನಗೆ ಇಷ್ಟ.

ಅಮ್ಮ, ಅಕ್ಕ, ಲೈಬ್ರರಿಯ ಅಣ್ಣಂದಿರು, ಫುಟ್‌ನೋಟ್ ತಿದ್ದಿದ ಜೂನಿಯರ್‌ಗಳು, ಎಲ್ಲರಿಗೂ ಪ್ರೀತಿ. ಪರೀಕ್ಷಕರಿಗೂ ವಂದನೆ. ಅಷ್ಟು ಸಿಟ್ಟಿದ್ದರೆ ಅಂತರ್ಯುದ್ಧದ ನಂತರ ಹೋಗಿದ್ದ ರಾಜಪ್ರಭುತ್ವ 1660ರಲ್ಲಿ ಮರಳಿದಾಗ ಬಿಷಪ್‌ಗಳೂ ಹೇಗೆ ವಾಪಸ್ ಬಂದರು ಅಂತ ಕೇಳಿದರು. ಕೀಳುವಾಗ ಒಂದಾಗಿದ್ದವರು ಆ ಜಾಗಕ್ಕೆ ಏನು ತರಬೇಕು ಅಂತ ಬಂದಾಗ ತಮ್ಮತಮ್ಮಲ್ಲೇ ಕಿತ್ತಾಡಿದರು ಅಂದೆ. ಅವರು ಒಪ್ಪಿದರು, ಪೂರ್ತಿ ಅಲ್ಲ. ಪುಸ್ತಕ ಮಾಡುವಾಗ ಅದಕ್ಕೇ ಒಂದು ಅಧ್ಯಾಯ ಸೇರಿಸುತ್ತೇನೆ.